ಬರಹದ ಕಾಳಗದಲ್ಲಿ ಎದುರಾಳಿಯ ವರಸೆಯನ್ನು ಎರವಲು ಪಡೆಯುವುದು: ಯಾವ ನಿಯಮ ನ್ಯಾಯವಾದೀತು?

ಮುಂಗಾರುಮೋಡ (ತೀರ್ಪುಗಾರರ ತಂಡ)

ರೋಲ್‌ಪ್ಲೇ ಕಾಳಗಗಳಲ್ಲಿ, ಅಂದರೆ ನಾವು ಕಟ್ಟಿದ ಪಾತ್ರಗಳಾಗಿ ಸರದಿಯಂತೆ ಬರೆಯುತ್ತ ಆಡುವ ಕಾಳಗಗಳಲ್ಲಿ, ಈಚೆಗೆ ತೀರ್ಪಿಗೆ ಬರುತ್ತಿರುವ ತಕರಾರುಗಳ ಮೂಲ ಬಹುಮಟ್ಟಿಗೆ ಒಂದೇ ಆಗಿದೆ. ಒಬ್ಬರು ತಮ್ಮ ಪಾತ್ರಕ್ಕಾಗಿ ಯೋಚಿಸಿ ಕಟ್ಟಿದ ವರಸೆಯನ್ನು ಎದುರಾಳಿಯ ಪಾತ್ರ ನೋಡುತ್ತದೆ, ಮರುಸರದಿಯಲ್ಲಿ ಅದನ್ನೇ ತಿರುಗಿ ಪ್ರಯೋಗಿಸುತ್ತದೆ, ಅಲ್ಲಿಂದ ಮುಂದೆ ಕಾಳಗ ನಿಂತು ವಾದ ಶುರುವಾಗುತ್ತದೆ. ನಕಲು ಮಾಡುವ ಶಕ್ತಿಯುಳ್ಳ ಪಾತ್ರಗಳನ್ನು ನಾವು ನಿಷೇಧಿಸಿಲ್ಲ, ನಿಷೇಧಿಸಬೇಕೆಂದು ನನಗೆ ಅನ್ನಿಸುವುದೂ ಇಲ್ಲ. ಆದರೆ ಆ ಶಕ್ತಿ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಎಲ್ಲಿಯೂ ಬರೆದಿಟ್ಟಿಲ್ಲವಾದ್ದರಿಂದ ಪ್ರತಿ ಸಲವೂ ತೀರ್ಪುಗಾರರು ಹೊಸದಾಗಿ ಯೋಚಿಸಬೇಕಾಗುತ್ತದೆ, ಒಬ್ಬರ ತೀರ್ಪು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ನಮ್ಮ ಕಾಳಗಗಳ ಸ್ವರೂಪವೇ ಈ ಕಷ್ಟಕ್ಕೆ ಕಾರಣ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಆಟವನ್ನು ನಡೆಸಲು ಡಂಜನ್ ಮಾಸ್ಟರ್ ಎಂಬ ಒಬ್ಬರು ಕುಳಿತಿರುತ್ತಾರೆ, ದಾಳ ಉರುಳುತ್ತದೆ, ಹೊಡೆತ ತಗುಲಿತೇ ಇಲ್ಲವೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಪಠ್ಯದ ಆಟದಲ್ಲಿ ಆ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು. ನಾವು ಆಡುವ ಟಿ-1 ಪದ್ಧತಿಯಲ್ಲಿ ದಾಳವೂ ಇಲ್ಲ, ಲೆಕ್ಕ ಹಾಕುವ ಪ್ರೋಗ್ರಾಮೂ ಇಲ್ಲ. ಒಬ್ಬರು ಒಂದು ಸರದಿ ಬರೆಯುತ್ತಾರೆ, ಇನ್ನೊಬ್ಬರು ಅದನ್ನು ಓದಿ ತಮ್ಮ ಸರದಿ ಬರೆಯುತ್ತಾರೆ. ಹೊಡೆಯುವವರು ಹೊಡೆತವನ್ನು ಬೀಸುವವರೆಗೆ ಮಾತ್ರ ಬರೆಯಬೇಕು. ಅದು ತಗುಲಿತೇ, ಎಷ್ಟು ನೋವಾಯಿತು ಎಂದು ಬರೆಯುವ ಹಕ್ಕು ಎದುರಿನವರದು. ಈ ಹಕ್ಕನ್ನು ಕಸಿದುಕೊಳ್ಳುವುದನ್ನು ಆಟೋಹಿಟ್ ಎಂದೂ, ತನ್ನ ಪಾತ್ರಕ್ಕೆ ಸೋಲೇ ಇಲ್ಲದಂತೆ ಬರೆದುಕೊಳ್ಳುವುದನ್ನು ಗಾಡ್‌ಮಾಡಿಂಗ್ ಎಂದೂ ಕರೆಯುತ್ತೇವೆ. ಇವೆರಡಕ್ಕೂ ನಮ್ಮಲ್ಲಿ ಸ್ಪಷ್ಟವಾದ ನಿಯಮವಿದೆ. ನಕಲಿಗೆ ಇಲ್ಲ.

ಇಬ್ಬರು ಆಟಗಾರರೂ ಒಪ್ಪಿರುವುದರಿಂದ ಅವರ ಕಾಳಗವನ್ನೇ ಉದಾಹರಣೆಯಾಗಿ ಇಡುತ್ತೇನೆ. ಕೆಂಡಸಂಪಿಗೆ ಅವರ ಪಾತ್ರಕ್ಕೆ ‘ಬೂದಿಗಾಳಿ’ ಎಂಬ ವರಸೆಯಿದೆ. ಅಖಾಡದಲ್ಲಿ ಮೊದಲು ಏನನ್ನಾದರೂ ಸುಟ್ಟಿರಬೇಕು, ಆ ಬೂದಿಯನ್ನು ಒಂದು ಸರದಿಯ ಕಾಲ ಒಟ್ಟುಗೂಡಿಸಬೇಕು, ಮೂರನೆಯ ಸರದಿಯಲ್ಲಿ ಬೀಸಿದಾಗ ಎದುರಾಳಿಯ ಕಣ್ಣು ಮಂಜಾಗುತ್ತದೆ. ಗಾಳಿ ತಿರುಗಿದರೆ ಅವರ ಪಾತ್ರಕ್ಕೂ ಅದೇ ಗತಿ. ಕನ್ನಡಿಮನೆ ಅವರ ಪಾತ್ರ ಕಂಡ ವರಸೆಯನ್ನು ಕಲಿಯಬಲ್ಲದು. ಅದು ಬೂದಿಗಾಳಿಯನ್ನು ಕಂಡ ಮರುಸರದಿಯಲ್ಲೇ, ಏನನ್ನೂ ಸುಡದೆ, ಇನ್ನೂ ದಟ್ಟವಾದ ಬೂದಿಯನ್ನು ಬೀಸಿತು.

ನನ್ನ ಕರಡು ಹೀಗಿದೆ. ಕಂಡ ಸರದಿಯ ಮರುಸರದಿಯಲ್ಲಿ ನಕಲು ಸಲ್ಲದು, ನಡುವೆ ಒಂದು ಸರದಿಯಾದರೂ ಕಲಿಕೆಗೆ ಹೋಗಬೇಕು. ನಕಲು ಮಾಡಿದ ವರಸೆಯ ಬಲ ಮೂಲದ ಬಲವನ್ನು ಮೀರಬಾರದು. ಒಂದು ಕಾಲಕ್ಕೆ ಒಂದೇ ವರಸೆ ಎರವಲಾಗಿರಬೇಕು. ಕಾಳಗ ಮುಗಿದೊಡನೆ ಎರವಲೂ ಮುಗಿಯಬೇಕು. ಮೂಲ ಆಟಗಾರರ ಅನುಮತಿ ಬೇಕೇ ಎಂಬ ಪ್ರಶ್ನೆಯನ್ನು ಬೇಕೆಂದೇ ತೆರೆದಿಟ್ಟಿದ್ದೇನೆ. ತಮ್ಮೆಲ್ಲರ ಅಭಿಪ್ರಾಯ ತಿಳಿದ ಮೇಲೆ ಕರಡನ್ನು ತಿದ್ದುತ್ತೇನೆ.

ಕೆಂಡಸಂಪಿಗೆ

ಕರಡು ಬರೆದದ್ದಕ್ಕೆ ವಂದನೆಗಳು. ನನ್ನ ತಕರಾರು ಸೋಲಿನ ಭಯದಿಂದ ಬಂದದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಾಳಗದಲ್ಲಿ ನಾನು ಸೋತರೂ ನನಗೆ ಬೇಸರವಿರಲಿಲ್ಲ.

ಒಂದು ವರಸೆಯನ್ನು ಕಟ್ಟುವಾಗ ಹೆಚ್ಚಿನ ಯೋಚನೆ ಅದು ಏನು ಮಾಡಬಲ್ಲದು ಎಂಬುದಕ್ಕೆ ಹೋಗುವುದಿಲ್ಲ, ಏನು ಮಾಡಲಾರದು ಎಂಬುದಕ್ಕೆ ಹೋಗುತ್ತದೆ. ಕಣ್ಣು ಮಂಜಾಗಿಸುವ ವರಸೆ ಬೇಕೆಂದು ಬಯಸುವುದು ಸುಲಭ. ಅದನ್ನು ಎದುರಿನವರು ತಪ್ಪಿಸಿಕೊಳ್ಳುವಂತೆ, ಮುರಿಯುವಂತೆ, ನನ್ನ ಮೇಲೆಯೇ ತಿರುಗಿಸುವಂತೆ ಬಾಗಿಲುಗಳನ್ನು ಇಡುವುದು ಕಷ್ಟ. ಸುಡಲು ಏನಾದರೂ ಬೇಕೆಂದು ಬರೆದಾಗ ಒದ್ದೆ ಅಖಾಡದಲ್ಲಿ ನನ್ನ ಪಾತ್ರ ದುರ್ಬಲವಾಗುತ್ತದೆ ಎಂಬುದನ್ನು ಒಪ್ಪಿಯೇ ಬರೆದೆ. ಬೂದಿ ಒಟ್ಟುಗೂಡಿಸುವ ಸರದಿಯಲ್ಲಿ ನನ್ನ ಪಾತ್ರಕ್ಕೆ ರಕ್ಷಣೆಯಿಲ್ಲ, ಅದೂ ಒಪ್ಪಿಯೇ ಬರೆದದ್ದು. ಹೀಗಿರುವಾಗ ನನ್ನ ವರಸೆಯ ಫಲವನ್ನು ಮಾತ್ರ ಎತ್ತಿಕೊಂಡು ಮಿತಿಗಳನ್ನು ನನ್ನ ಬಳಿಯೇ ಬಿಟ್ಟುಹೋದರೆ ಅದನ್ನು ನಕಲು ಎಂದು ಹೇಗೆ ಕರೆಯುವುದು? ಅದು ಬೇರೆಯದೇ ಆದ, ಮಿತಿಯಿಲ್ಲದ ಒಂದು ವರಸೆ. ಅಂಥದ್ದನ್ನು ಯಾರಾದರೂ ತಮ್ಮ ಸ್ವಂತದ್ದೆಂದು ಪಾತ್ರಪರಿಚಯದಲ್ಲಿ (ಪಾತ್ರದ ವರಸೆ, ಮಿತಿಗಳನ್ನು ಮೊದಲೇ ಬರೆದಿಡುವ ಪುಟದಲ್ಲಿ) ಬರೆದು ತಂದಿದ್ದರೆ ತೀರ್ಪುಗಾರರು ಒಪ್ಪುತ್ತಿರಲಿಲ್ಲ.

ಆದ್ದರಿಂದ ಕರಡಿನಲ್ಲಿರುವ ‘ಬಲ ಮೀರಬಾರದು’ ಎಂಬ ಮಾತು ಸಾಲದು. ಮೂಲ ವರಸೆಗೆ ಇರುವ ಸಿದ್ಧತೆ, ಬೇಕಾದ ವಸ್ತು, ತೆರಬೇಕಾದ ಬೆಲೆ ಇವೆಲ್ಲವೂ ವರಸೆಯ ಜೊತೆಗೇ ಹೋಗಬೇಕು. ನಕಲು ಮಾಡುವವರು ವರಸೆಯನ್ನು ಇಡಿಯಾಗಿ ತೆಗೆದುಕೊಳ್ಳಲಿ, ಇಲ್ಲವೇ ಬಿಡಲಿ.

ಕನ್ನಡಿಮನೆ

ಕೆಂಡಸಂಪಿಗೆ ಅವರ ಮಾತಿನ ತಿರುಳನ್ನು ನಾನು ಒಪ್ಪುತ್ತೇನೆ. ಅವರ ಬೂದಿಗಾಳಿಯ ವಿಷಯದಲ್ಲಿ ತೀರ್ಪು ನನ್ನ ವಿರುದ್ಧ ಬಂದರೂ ಗೌರವಿಸುತ್ತೇನೆ. ಆದರೆ ನಕಲಿನ ಪಾತ್ರವನ್ನು ಆಡಿಸುವವರ ಕಡೆಯಿಂದ ಹೇಳಬೇಕಾದ ಕೆಲವು ಮಾತುಗಳಿವೆ, ನಿಯಮ ಗಟ್ಟಿಯಾಗುವ ಮುನ್ನ ಅವನ್ನು ದಯವಿಟ್ಟು ಪರಿಗಣಿಸಬೇಕು.

ನನ್ನ ಪಾತ್ರ ಅಖಾಡಕ್ಕೆ ಬರಿಗೈಯಲ್ಲಿ ಬರುತ್ತದೆ. ಇತರರ ಪಾತ್ರಪರಿಚಯದಲ್ಲಿ ಐದಾರು ವರಸೆಗಳಿದ್ದರೆ ನನ್ನದರಲ್ಲಿ ಒಂದು ಗುರಾಣಿ, ಒಂದು ಸಾಧಾರಣ ಹೊಡೆತ, ಮತ್ತು ಕಲಿಯುವ ಶಕ್ತಿ ಮಾತ್ರ ಇದೆ. ಎದುರಾಳಿ ಮೊದಲ ಸರದಿಗಳಲ್ಲಿ ತನ್ನ ವರಸೆಗಳನ್ನು ತೋರಿಸದೆ ಸಾಮಾನ್ಯ ಹೊಡೆತಗಳಲ್ಲೇ ಕಾಲ ಕಳೆದರೆ ನನಗೆ ಕಲಿಯಲು ಏನೂ ಸಿಗುವುದಿಲ್ಲ. ಅದು ನನ್ನ ಪಾತ್ರದ ದೊಡ್ಡ ದೌರ್ಬಲ್ಯ, ಬುದ್ಧಿವಂತ ಎದುರಾಳಿಗಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಇದರ ಮೇಲೆ ಒಂದು ಸರದಿಯ ಕಲಿಕೆ, ಮೂಲದ ಎಲ್ಲ ಸಿದ್ಧತೆ, ಎಲ್ಲ ಬೆಲೆ, ಒಂದೇ ವರಸೆ ಎಂಬ ಮಿತಿ ಎಲ್ಲವನ್ನೂ ಹೇರಿದರೆ ನಕಲಿನ ಪಾತ್ರವನ್ನು ಯಾರೂ ಆಡಿಸುವುದಿಲ್ಲ.

ವಿಡಿಯೋ ಆಟಗಳನ್ನು ಕಟ್ಟಿದವರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. ಅವರು ನಕಲಿಗೆ ಬೆಲೆಯನ್ನು ಯಾವುದಾದರೂ ಒಂದು ಕಡೆ ಇಟ್ಟರು, ಎಲ್ಲ ಕಡೆಯೂ ಇಡಲಿಲ್ಲ. 1992ರ ಫೈನಲ್ ಫ್ಯಾಂಟಸಿ 5ರಲ್ಲಿ ನೀಲಿ ಮಾಂತ್ರಿಕ ಶತ್ರುವಿನ ಪ್ರಯೋಗವನ್ನು ಕಲಿಯಬೇಕಾದರೆ ಅದಕ್ಕೆ ತಾನೇ ಗುರಿಯಾಗಬೇಕು. ಏಟು ತಿನ್ನುವುದೇ ಕಲಿಕೆಯ ಶುಲ್ಕ, ಕಲಿತ ಮೇಲೆ ಅದು ಅವನದೇ. 1993ರ ಕಿರ್ಬೀಸ್ ಅಡ್ವೆಂಚರ್‌ನಲ್ಲಿ ಬೆಲೆ ಕಲಿಕೆಯಲ್ಲಿಲ್ಲ, ಉಳಿಸಿಕೊಳ್ಳುವುದರಲ್ಲಿದೆ: ಶತ್ರುವನ್ನು ನುಂಗಿ ಅದರ ಶಕ್ತಿಯನ್ನು ಪಡೆದ ಕಿರ್ಬಿ ಏಟು ತಿಂದೊಡನೆ ಆ ಶಕ್ತಿ ನಕ್ಷತ್ರವಾಗಿ ಹೊರಚಿಮ್ಮುತ್ತದೆ, ಓಡಿ ಹಿಡಿಯದಿದ್ದರೆ ಕೈತಪ್ಪುತ್ತದೆ. ನಮ್ಮಲ್ಲಿಯೂ ನಕಲಿನ ಪಾತ್ರವನ್ನು ಕಟ್ಟುವವರು ಬೆಲೆಯನ್ನು ಎಲ್ಲಿ ತೆರುತ್ತೇವೆಂದು ಪಾತ್ರಪರಿಚಯದಲ್ಲಿ ಮೊದಲೇ ಬರೆದು ಒಪ್ಪಿಗೆ ಪಡೆಯುವ ಅವಕಾಶ ಇರಲಿ.

ಅನುಮತಿಯ ಬಗ್ಗೆ ನನ್ನ ಅಭಿಪ್ರಾಯ ದೃಢವಾಗಿದೆ. ಕಾಳಗದ ನಡುವೆ ಎದುರಾಳಿಯ ಅನುಮತಿ ಕೇಳಬೇಕೆಂದರೆ, ಸೋಲುವ ಸ್ಥಿತಿಯಲ್ಲಿರುವ ಯಾವ ಎದುರಾಳಿಯೂ ಅನುಮತಿ ಕೊಡಲಾರರು, ಗೆಲ್ಲುವ ಸ್ಥಿತಿಯಲ್ಲಿರುವವರಿಗೆ ಕೊಡುವ ಅಗತ್ಯವೂ ಇರುವುದಿಲ್ಲ. ಅದು ಅನುಮತಿಯಲ್ಲ, ಇನ್ನೊಂದು ಆಯುಧ.

ಹೊಸಹೆಜ್ಜೆ

ನಾನು ಹೊಸಬಳು, ಒಂದು ಸಂದೇಹ ಕೇಳಬಹುದೇ? ಎದುರಾಳಿಯ ಪಾತ್ರಪರಿಚಯವನ್ನು ನಾನು ಓದಿರುತ್ತೇನೆ, ಆದ್ದರಿಂದ ಅವರ ಎಲ್ಲ ವರಸೆಗಳೂ ನನಗೆ ಗೊತ್ತಿರುತ್ತವೆ. ನನ್ನ ಪಾತ್ರ ನಕಲು ಮಾಡಬಲ್ಲುದಾದರೆ, ಎದುರಾಳಿ ಇನ್ನೂ ಬಳಸದ ವರಸೆಯನ್ನು ನಾನು ಬಳಸಬಹುದೇ?

ಹಿತ್ತಲಗಿಡ

ಹೊಸಹೆಜ್ಜೆ ಅವರೇ, ಖಂಡಿತ ಬಳಸಬಾರದು. ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಕರಡಿನಲ್ಲಿ ಇದು ಸ್ಪಷ್ಟವಾಗಿಲ್ಲ.

ಆಟಗಾರರಿಗೆ ತಿಳಿದಿರುವುದು ಬೇರೆ, ಪಾತ್ರಕ್ಕೆ ತಿಳಿದಿರುವುದು ಬೇರೆ. ಇವೆರಡನ್ನು ಬೆರೆಸುವುದನ್ನೇ ಮೆಟಾಗೇಮಿಂಗ್ ಎನ್ನುತ್ತೇವೆ. ನಕಲಿನ ಪಾತ್ರಗಳಲ್ಲಿ ಈ ಬೆರಕೆ ಬಹಳ ಸೂಕ್ಷ್ಮವಾಗಿ ನಡೆಯುತ್ತದೆ. ಬಳಸದ ವರಸೆಯನ್ನು ಕದಿಯುವುದು ಎಲ್ಲರ ಕಣ್ಣಿಗೂ ಬೀಳುವ ತಪ್ಪು. ಕಣ್ಣಿಗೆ ಬೀಳದ ತಪ್ಪೆಂದರೆ, ಕಂಡ ವರಸೆಯ ಕಾಣದ ಭಾಗವನ್ನು ತೆಗೆದುಕೊಳ್ಳುವುದು. ಬೂದಿಗಾಳಿ ಕಣ್ಣನ್ನು ಮಂಜಾಗಿಸುತ್ತದೆ ಎಂಬುದು ಅಖಾಡದಲ್ಲಿ ಕಂಡಿದೆ. ಅದೇ ಬೂದಿ ಒದ್ದೆಯಾದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂದು ಪಾತ್ರಪರಿಚಯದಲ್ಲಿ ಬರೆದಿದ್ದು, ಆ ಕಾಳಗದಲ್ಲಿ ಅದು ನಡೆಯದೇ ಇದ್ದರೆ, ನಕಲು ಮಾಡಿದವರು ಆ ಗುಣವನ್ನು ಬಳಸುವಂತಿಲ್ಲ. ಅವರ ಪಾತ್ರ ಅದನ್ನು ಕಂಡಿಲ್ಲ.

ಕಾಣುವುದೆಂದರೇನು ಎಂಬುದಕ್ಕೆ ನಾನು ಕಂಡ ಅತ್ಯಂತ ಕಟ್ಟುನಿಟ್ಟಿನ ಮಾದರಿ ಹಂಟರ್ ಹಂಟರ್ ಎಂಬ ಜಪಾನಿ ಮಾಂಗಾದಲ್ಲಿದೆ (ಮಾಂಗಾ ಎಂದರೆ ಜಪಾನಿನ ಚಿತ್ರಕಥೆ). ಅದರಲ್ಲಿ ಕ್ರೋಲೊ ಎಂಬ ಪಾತ್ರ ಬೇರೆಯವರ ಶಕ್ತಿಯನ್ನು ತನ್ನ ಪುಸ್ತಕದೊಳಕ್ಕೆ ಕದಿಯಬಲ್ಲದು, ಆದರೆ ನಾಲ್ಕು ಷರತ್ತುಗಳು ಪೂರೈಸಬೇಕು: ಆ ಶಕ್ತಿಯ ಪ್ರಯೋಗವನ್ನು ಕಣ್ಣಾರೆ ನೋಡಬೇಕು, ಅದರ ಬಗ್ಗೆ ಪ್ರಶ್ನೆ ಕೇಳಿ ಉತ್ತರ ಪಡೆಯಬೇಕು, ಶಕ್ತಿಯ ಒಡೆಯನ ಅಂಗೈ ಪುಸ್ತಕದ ಹೊದಿಕೆಯ ಮೇಲಿರುವ ಅಂಗೈಗುರುತನ್ನು ಮುಟ್ಟಬೇಕು, ಇವೆಲ್ಲವೂ ಒಂದು ಗಂಟೆಯೊಳಗೆ ಆಗಬೇಕು. ಕದ್ದ ಶಕ್ತಿಯನ್ನು ಬಳಸುವಾಗ ಪುಸ್ತಕ ಕೈಯಲ್ಲಿ ತೆರೆದಿರಬೇಕಾದ್ದರಿಂದ ಒಂದು ಕೈ ಕಾಳಗಕ್ಕೆ ಸಿಗುವುದೂ ಇಲ್ಲ. ಅಷ್ಟು ಬಲಶಾಲಿಯಾದ ಪಾತ್ರ ಓದುಗರಿಗೆ ಅನ್ಯಾಯವೆನಿಸದೇ ಇರುವುದಕ್ಕೆ ಈ ಷರತ್ತುಗಳೇ ಕಾರಣವೆಂದು ನಾನು ನಂಬುತ್ತೇನೆ. ಎದುರಾಳಿಗೆ ಷರತ್ತುಗಳು ಗೊತ್ತಾದರೆ ಅವನ್ನು ತಪ್ಪಿಸಲು ಹೋರಾಡಬಹುದು, ಆಗ ಕದಿಯುವ ಕ್ರಿಯೆಯೇ ಕಾಳಗದ ಒಂದು ಭಾಗವಾಗುತ್ತದೆ.

ನಮ್ಮ ನಿಯಮ ಅಷ್ಟು ಬಿಗಿಯಾಗಿರಬೇಕೆಂದು ನಾನು ಹೇಳುತ್ತಿಲ್ಲ. ನಕಲು ಮಾಡುವ ಕ್ರಿಯೆಯನ್ನು ಒಂದು ಪ್ರತ್ಯೇಕ ಸರದಿಯಲ್ಲಿ, ಎದುರಿನವರು ತಡೆಯಬಹುದಾದಂತೆ ಬರೆಯಬೇಕು ಎಂದಷ್ಟೇ ಕೇಳುತ್ತೇನೆ. ‘ನನ್ನ ಪಾತ್ರ ಅದನ್ನು ಕಲಿತುಬಿಟ್ಟಿತು’ ಎಂಬ ವಾಕ್ಯವೂ ಒಂದು ಬಗೆಯ ಆಟೋಹಿಟ್ಟೇ. ‘ಅವಳ ಕೈಚಲನೆಯನ್ನು ಕಣ್ಣಿಟ್ಟು ನೋಡತೊಡಗಿದ’ ಎಂದು ಬರೆದರೆ ಎದುರಿನವರು ಬೆನ್ನು ತಿರುಗಿಸಬಹುದು, ಹೊಗೆ ಎಬ್ಬಿಸಬಹುದು, ಬೇಕೆಂದೇ ತಪ್ಪು ಚಲನೆಯನ್ನು ತೋರಿಸಬಹುದು.

ಅಡಿಕೆತೋಟ

ಹಿತ್ತಲಗಿಡ ಅವರ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ತಾಳಮದ್ದಳೆ ಕೇಳುತ್ತ ಬೆಳೆದವನಾದ್ದರಿಂದ ಅಲ್ಲಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ನಮ್ಮ ಗುಂಪಿನಲ್ಲಿ ಕರಾವಳಿಯವರು ಅನೇಕರಿರುವುದರಿಂದ ಇದು ಹೊರಗಿನ ಮಾತಾಗಲಾರದು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ತಮ್ಮ ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸಬೇಕು. ವಾಲಿಯ ಅರ್ಥಧಾರಿ ಹೂಡಿದ ತರ್ಕವನ್ನೇ, ಕೆಲವೊಮ್ಮೆ ಅವರು ಕೊಟ್ಟ ಉಪಮೆಯನ್ನೇ ಹಿಡಿದು ರಾಮನ ಅರ್ಥಧಾರಿ ತಿರುಗಿಸಿ ಹೇಳಿದಾಗ ಸಭೆ ಮೆಚ್ಚುತ್ತದೆ. ಎದುರಿನವರ ಮಾತನ್ನು ಎತ್ತಿಕೊಂಡರೆಂದು ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ಎತ್ತಿಕೊಂಡದ್ದು ಸಭೆಯ ಎದುರಿಗೆ ಆಡಿದ ಮಾತು, ಆಡಿದ ರೀತಿಯಲ್ಲಿಯೇ. ಆಡದ ಮಾತನ್ನು ಆಡಿದಿರೆಂದು ಆರೋಪಿಸಿ ಅದನ್ನು ಖಂಡಿಸಹೊರಟರೆ ಮಾತ್ರ ಎದುರಿನವರು ಅಲ್ಲಿಯೇ ತಡೆಯುತ್ತಾರೆ, ಸಭೆಯೂ ಅವರ ಪಕ್ಷವನ್ನೇ ವಹಿಸುತ್ತದೆ.

ಈ ಅಳತೆಗೋಲು ನಮಗೂ ಸಲ್ಲುತ್ತದೆಂದು ನನ್ನ ನಂಬಿಕೆ. ಅಖಾಡದಲ್ಲಿ ಬರೆದು ತೋರಿಸಿದ್ದನ್ನು, ತೋರಿಸಿದ ರೀತಿಯಲ್ಲಿ ಎತ್ತಿಕೊಳ್ಳುವ ಸ್ವಾತಂತ್ರ್ಯ ಇರಲಿ. ಅದಕ್ಕೆ ಅನುಮತಿ ಬೇಡ. ಬರೆದು ತೋರಿಸದ್ದನ್ನು ಮುಟ್ಟುವ ಹಕ್ಕು ಯಾರಿಗೂ ಬೇಡ.

ಕನ್ನಡಿಮನೆ

ಅಡಿಕೆತೋಟ ಅವರ ಅಳತೆಗೋಲನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರಿಂದ ಒಂದು ತೊಡಕು ಹುಟ್ಟುತ್ತದೆ. ತೋರಿಸಿದ್ದನ್ನು ಮಾತ್ರ ತೆಗೆದುಕೊಳ್ಳಬೇಕು ಎಂದಾದರೆ, ತೋರಿಸದ ಮಿತಿಗಳು ನನ್ನನ್ನು ಹೇಗೆ ಕಟ್ಟಿಹಾಕುತ್ತವೆ? ಗಾಳಿ ತಿರುಗಿದರೆ ಬೂದಿ ಪ್ರಯೋಗಿಸಿದವರ ಕಣ್ಣಿಗೇ ಬೀಳುತ್ತದೆ ಎಂಬುದು ಆ ಕಾಳಗದಲ್ಲಿ ಕಾಣಲಿಲ್ಲ. ಕಾಣದ ಗುಣ ನನಗೆ ಸಿಗುವುದಿಲ್ಲವಾದರೆ ಕಾಣದ ದೋಷ ಮಾತ್ರ ಏಕೆ ಸಿಗಬೇಕು?

ಕೆಂಡಸಂಪಿಗೆ

ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಯೋಚಿಸಿ ಉತ್ತರಿಸುತ್ತಿದ್ದೇನೆ. ಗುಣವನ್ನು ಬಳಸಬೇಕಾದರೆ ಪಾತ್ರಕ್ಕೆ ಅದು ತಿಳಿದಿರಬೇಕು. ದೋಷಕ್ಕೆ ಒಳಗಾಗಲು ತಿಳಿದಿರಬೇಕಾಗಿಲ್ಲ. ಅಡುಗೆಯ ಬೆಂಕಿ ಮೊದಲ ಸಲ ಮುಟ್ಟಿದ ಮಗುವನ್ನೂ ಸುಡುತ್ತದೆ. ನಿಮ್ಮ ಪಾತ್ರ ನನ್ನ ಬೂದಿಗಾಳಿಯನ್ನು ನಿಜವಾಗಿಯೂ ಕಲಿತಿದ್ದರೆ ಅದರ ಸ್ವಭಾವ ಬದಲಾಗುವುದಿಲ್ಲ; ಗಾಳಿ ತಿರುಗಿದಾಗ ನಿಮ್ಮ ಪಾತ್ರಕ್ಕೆ ಅನಿರೀಕ್ಷಿತವಾದ ಏಟು ಬೀಳುತ್ತದೆ, ಬರೆಯಲು ಅದೊಂದು ಒಳ್ಳೆಯ ಕ್ಷಣವೂ ಹೌದು. ದೋಷ ಯಾವಾಗ ತಗುಲಿತು ಎಂಬುದನ್ನು ಹೇಳುವ ಹೊಣೆ ಮಾತ್ರ ನನ್ನದಾಗಿರಬೇಕು, ಏಕೆಂದರೆ ವರಸೆಯನ್ನು ಕಟ್ಟಿದವಳು ನಾನು. ಅದಕ್ಕೂ ಒಂದು ಕಡಿವಾಣ ಬೇಕು: ಕಾಳಗಕ್ಕೆ ಮೊದಲು ಪಾತ್ರಪರಿಚಯದಲ್ಲಿ ಬರೆದಿದ್ದ ದೋಷವನ್ನಷ್ಟೇ ನಾನು ಹೇಳಬಹುದು, ನಕಲಾದ ಮೇಲೆ ಹೊಸ ದೋಷವನ್ನು ಹೊಸೆದು ಸೇರಿಸುವಂತಿಲ್ಲ.

ಕನ್ನಡಿಮನೆ

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ಹಿತ್ತಲಗಿಡ

ಬಲದ ವಿಷಯದಲ್ಲಿ ಒಂದು ಮಾತು ಸೇರಿಸಲೇ? ‘ಮೂಲದ ಬಲವನ್ನು ಮೀರಬಾರದು’ ಎಂಬ ಸಾಲಿನಲ್ಲಿ ಯಾವ ಬಲ ಎಂಬುದು ಅಸ್ಪಷ್ಟವಾಗಿದೆ. ಪೊಕೆಮಾನ್ ಆಟಗಳಲ್ಲಿ ಟ್ರಾನ್ಸ್‌ಫಾರ್ಮ್ ಎಂಬ ವರಸೆಯಿಂದ ಡಿಟ್ಟೊ ಎಂಬ ಜೀವಿ ಎದುರಾಳಿಯ ರೂಪವನ್ನೂ ವರಸೆಗಳನ್ನೂ ಪಡೆಯುತ್ತದೆ, ದಾಳಿ, ರಕ್ಷಣೆ, ವೇಗಗಳನ್ನೂ ಪಡೆಯುತ್ತದೆ, ಆದರೆ ಜೀವಬಲ ಮಾತ್ರ ತನ್ನದೇ ಉಳಿಯುತ್ತದೆ. ಪ್ರತಿ ವರಸೆಯನ್ನೂ 5 ಸಲ ಮಾತ್ರ ಬಳಸಬಹುದು. 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಬಂದ ಸ್ಮಿಯರ್ಗಲ್ ಎಂಬ ಜೀವಿ ತನ್ನ ಸ್ಕೆಚ್ ಎಂಬ ವರಸೆಯಿಂದ ಎದುರಾಳಿ ಆಗತಾನೇ ಬಳಸಿದ ವರಸೆಯನ್ನು ಶಾಶ್ವತವಾಗಿ ಕಲಿಯಬಲ್ಲದು, ಆದರೆ ಅದರ ದೇಹಬಲ ತೀರ ಕಡಿಮೆ, ಆದ್ದರಿಂದ ಅದೇ ವರಸೆ ಅದರ ಕೈಯಲ್ಲಿ ಪೇಲವವಾಗುತ್ತದೆ. ವರಸೆ ಯಾರದೇ ಆಗಿರಲಿ, ಅದನ್ನು ಹೊರುವ ದೇಹ ನಕಲು ಮಾಡುವವರದು ಎಂಬ ತತ್ತ್ವ ಇಲ್ಲಿದೆ.

ನಮ್ಮಲ್ಲಿಯೂ ಹಾಗೆಯೇ ಆಗಲಿ. ಹತ್ತಾಳಿನ ಬಲದ ರಾಕ್ಷಸ ಬೀಸುವ ಕೊಡಲಿಪೆಟ್ಟನ್ನು ಸಪೂರ ಹುಡುಗನೊಬ್ಬ ಕಲಿತರೆ ಬೀಸುವ ರೀತಿ ಅವನಿಗೆ ಬರಬಹುದು, ರಾಕ್ಷಸನ ತೋಳು ಬರುವುದಿಲ್ಲ. ಹುಟ್ಟಿನಿಂದ ಬಂದ ಗುಣಗಳನ್ನು ಆಧರಿಸಿದ ವರಸೆಗಳಿಗೂ ಇದೇ ನ್ಯಾಯ. ನರುಟೊ ಮಾಂಗಾದಲ್ಲಿ ಶಾರಿಂಗನ್ ಕಣ್ಣುಳ್ಳವರು ಕಂಡ ವಿದ್ಯೆಗಳನ್ನೆಲ್ಲ ನಕಲು ಮಾಡಬಲ್ಲರಾದರೂ ವಂಶದಿಂದ ಬರುವ ಶಕ್ತಿಗಳನ್ನು ನಕಲು ಮಾಡಲಾರರು. ರೆಕ್ಕೆಯಿಲ್ಲದ ಪಾತ್ರ ಹಾರುವ ವರಸೆಯನ್ನು ಎಷ್ಟು ನೋಡಿದರೂ ಹಾರದು.

ತೀರ್ಥಹಳ್ಳಿಕಾನು

ಇಲ್ಲಿಯವರೆಗಿನ ಚರ್ಚೆಯೆಲ್ಲ ಪಾತ್ರ ಪಾತ್ರದಿಂದ ಎರವಲು ಪಡೆಯುವುದರ ಬಗ್ಗೆ ನಡೆದಿದೆ. ಆಟಗಾರರು ಆಟಗಾರರಿಂದ ಎತ್ತಿಕೊಳ್ಳುವುದರ ಬಗ್ಗೆಯೂ ನಿಯಮ ಬೇಕು, ಏಕೆಂದರೆ ನಿಜವಾದ ನೋವು ಅಲ್ಲಿ ಆಗುತ್ತಿದೆ. ಒಬ್ಬರ ಪಾತ್ರಪರಿಚಯದಲ್ಲಿದ್ದ ವರಸೆಯ ವಿವರಣೆಯನ್ನು ನಾಲ್ಕು ಪದ ಬದಲಿಸಿ, ಹೊಸ ಹೆಸರಿಟ್ಟು, ತಮ್ಮ ಪಾತ್ರದ ಸ್ವಂತ ವರಸೆಯೆಂದು ಬರೆದುಕೊಂಡಿರುವ ಪ್ರಸಂಗಗಳು ಕಡಿಮೆಯಿಲ್ಲ.

ನಾನು ಕಾನೂನಿನ ವಿದ್ಯಾರ್ಥಿ. ಕಾನೂನು ಈ ವಿಷಯದಲ್ಲಿ ನಮಗೆ ಎಷ್ಟು ನೆರವಾಗಬಲ್ಲದು ಎಂಬುದನ್ನು ಹೇಳುವುದು ಉಪಯುಕ್ತವೆಂದು ತಿಳಿಯುತ್ತೇನೆ. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಜಾರಿಯಲ್ಲಿದೆ. 1978ರಲ್ಲಿ ಆರ್. ಜಿ. ಆನಂದ್ ಮತ್ತು ಡಿಲಕ್ಸ್ ಫಿಲ್ಮ್ಸ್ ನಡುವಣ ಪ್ರಕರಣದಲ್ಲಿ, ತಮ್ಮ ನಾಟಕವನ್ನು ಆಧರಿಸಿ ಸಿನಿಮಾ ಮಾಡಿದ್ದಾರೆ ಎಂಬ ನಾಟಕಕಾರರ ದೂರನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟ್, ಕಲ್ಪನೆ, ವಸ್ತು, ಕಥಾಹಂದರಗಳ ಮೇಲೆ ಕೃತಿಸ್ವಾಮ್ಯವಿಲ್ಲ, ಅವನ್ನು ಅಭಿವ್ಯಕ್ತಿಸಿದ ರೂಪ, ರೀತಿ, ಜೋಡಣೆಗಳ ಮೇಲೆ ಮಾತ್ರ ಇದೆ ಎಂದು ಹೇಳಿತು. ಅಮೆರಿಕದ ಕಾನೂನೂ ಕಲ್ಪನೆಗಳನ್ನೂ ಕಾರ್ಯವಿಧಾನಗಳನ್ನೂ ಕೃತಿಸ್ವಾಮ್ಯದ ಹೊರಗಿಡುತ್ತದೆ. ಅಂದರೆ ಬೂದಿಯಿಂದ ಕಣ್ಣು ಮಂಜಾಗಿಸುವುದೆಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ. ಕೆಂಡಸಂಪಿಗೆ ಅವರು ಅದನ್ನು ವರ್ಣಿಸಿದ ವಾಕ್ಯಗಳು ಅವರವು.

ಹಾಗೆಂದು ಕಾನೂನು ಬಿಟ್ಟದ್ದನ್ನೆಲ್ಲ ನಾವೂ ಬಿಡಬೇಕಾಗಿಲ್ಲ. ಇಲ್ಲಿ ದುಡ್ಡಿನ ವ್ಯವಹಾರವಿಲ್ಲ. ಆಟಗಾರರಿಗೆ ಸಿಗುವ ಫಲವೆಂದರೆ ಇದು ಇವರು ಕಟ್ಟಿದ್ದು ಎಂಬ ಮನ್ನಣೆ ಮಾತ್ರ, ಅದೊಂದನ್ನೂ ಕಿತ್ತುಕೊಂಡರೆ ಬರೆಯುವ ಉತ್ಸಾಹವೇ ಹೋಗುತ್ತದೆ. ಕಲ್ಪನೆಯನ್ನು ಯಾರು ಬೇಕಾದರೂ ಬಳಸಲಿ, ಆದರೆ ವಿವರಣೆಯ ವಾಕ್ಯಗಳನ್ನೂ ಮಿತಿಗಳ ಜೋಡಣೆಯನ್ನೂ ಎತ್ತಿಕೊಳ್ಳುವವರು ಮೂಲ ಆಟಗಾರರನ್ನು ಕೇಳಬೇಕು, ಅವರು ಒಪ್ಪಿದರೆ ಅವರ ಹೆಸರನ್ನು ಪಾತ್ರಪರಿಚಯದಲ್ಲಿ ಬರೆಯಬೇಕು.

ಹೊಸಹೆಜ್ಜೆ

ಇಬ್ಬರಿಗೆ ಒಂದೇ ಕಲ್ಪನೆ ತಾನಾಗಿ ಹೊಳೆದಿದ್ದರೆ? ಬೆಂಕಿ, ನೀರು, ನೆರಳು ಇವುಗಳನ್ನು ಎಲ್ಲರೂ ಬಳಸುತ್ತಾರಲ್ಲ.

ತೀರ್ಥಹಳ್ಳಿಕಾನು

ಅಂಥ ಕಡೆ ತಪ್ಪಿಲ್ಲ. ಕಲ್ಪನೆ ಒಂದೇ ಆದರೂ ಮಿತಿಗಳ ಜೋಡಣೆ ಒಂದೇ ಆಗುವುದು ಅಪರೂಪ. ಸುಡಬೇಕು, ಒಂದು ಸರದಿ ಒಟ್ಟುಗೂಡಿಸಬೇಕು, ಗಾಳಿ ತಿರುಗಿದರೆ ತನಗೇ ಏಟು ಎಂಬ ಮೂರೂ ಅದೇ ಕ್ರಮದಲ್ಲಿ ಬಂದರೆ ತೀರ್ಪುಗಾರರು ಕೇಳುವುದು ಸಹಜ, ಒಂದು ಮಾತ್ರ ಹೊಂದಿದರೆ ಕೇಳುವ ಅಗತ್ಯವಿಲ್ಲ.

ಮುಂಗಾರುಮೋಡ (ತೀರ್ಪುಗಾರರ ತಂಡ)

ಎಲ್ಲರ ಮಾತುಗಳನ್ನೂ ಓದಿದ ಮೇಲೆ ಕರಡನ್ನು ಬಹಳಷ್ಟು ಬದಲಿಸಬೇಕೆಂದು ಮನವರಿಕೆಯಾಗಿದೆ. ಅನುಮತಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಕಾಳಗದ ನಡುವಿನ ಅನುಮತಿ ಇನ್ನೊಂದು ಆಯುಧವಾಗುತ್ತದೆ ಎಂಬ ಕನ್ನಡಿಮನೆ ಅವರ ವಾದ ಸರಿಯಾಗಿದೆ. ಆದರೆ ಕೆಲವು ವರಸೆಗಳು ಪಾತ್ರದ ಕಥೆಯೊಂದಿಗೆ ಎಷ್ಟು ಹೆಣೆದುಕೊಂಡಿರುತ್ತವೆಂದರೆ ಅವು ಬೇರೆಯವರ ಕೈಗೆ ಹೋದರೆ ಪಾತ್ರವೇ ಉಳಿಯುವುದಿಲ್ಲ. ಆದ್ದರಿಂದ ಅನುಮತಿ ಕಾಳಗಕ್ಕೆ ಮೊದಲೇ, ಪಾತ್ರಪರಿಚಯದಲ್ಲಿಯೇ ಇರಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ತಂದಾಗ ಮಾಡಿದ್ದು ಇದನ್ನೇ. ಆಟದ ನಿಯಮಗಳ ದೊಡ್ಡ ಭಾಗವನ್ನು ಎಲ್ಲರಿಗೂ ತೆರೆದರು, ಬೀಹೋಲ್ಡರ್, ಮೈಂಡ್ ಫ್ಲೇಯರ್‌ಗಳಂಥ ತಮ್ಮ ಗುರುತಿನ ಜೀವಿಗಳನ್ನು ಹೆಸರಿಸಿ ಮೀಸಲಿಟ್ಟರು. ಯಾವುದು ತೆರೆದದ್ದು, ಯಾವುದು ಮೀಸಲು ಎಂಬುದು ಮೊದಲೇ ಬರಹದಲ್ಲಿದ್ದುದರಿಂದ ಬಳಸುವವರು ಪ್ರತಿ ಸಲ ಕೇಳಬೇಕಾಗಿರಲಿಲ್ಲ.

ನಮ್ಮಲ್ಲಿ ಪ್ರತಿ ಆಟಗಾರರೂ ಒಂದೇ ಒಂದು ವರಸೆಯನ್ನು ಮೀಸಲೆಂದು ಗುರುತಿಸಬಹುದು. ಅದನ್ನು ಯಾರೂ ನಕಲು ಮಾಡುವಂತಿಲ್ಲ. ಉಳಿದವೆಲ್ಲ ತೆರೆದವು, ಗುರುತು ಹಾಕದಿದ್ದರೆ ಎಲ್ಲವೂ ತೆರೆದವೇ. ಒಂದಕ್ಕಿಂತ ಹೆಚ್ಚಿಗೆ ಅವಕಾಶ ಕೊಟ್ಟರೆ ಎಲ್ಲರೂ ಎಲ್ಲವನ್ನೂ ಮೀಸಲಿಟ್ಟು ನಕಲಿನ ಪಾತ್ರಗಳಿಗೆ ಅಖಾಡದಲ್ಲಿ ಜಾಗವೇ ಇಲ್ಲದಂತಾಗುತ್ತದೆ, ಆದ್ದರಿಂದ ಈ ಸಂಖ್ಯೆಯಲ್ಲಿ ನಾನು ಸಡಿಲಿಸಲಾರೆ.

ಕಲಿಕೆಯ ಕ್ರಿಯೆ ಎದುರಿನವರು ತಡೆಯಬಹುದಾದಂತೆ ಒಂದು ಸರದಿಯಲ್ಲಿ ಬರೆದಿರಬೇಕು. ಆ ಸರದಿಯಲ್ಲಿ ನಕಲು ಮಾಡುವ ಪಾತ್ರ ಬೇರೆ ದಾಳಿ ಮಾಡುವಂತಿಲ್ಲ, ತನ್ನನ್ನು ರಕ್ಷಿಸಿಕೊಳ್ಳಬಹುದು. ಅಖಾಡದಲ್ಲಿ ಬರೆದು ತೋರಿಸಿದ ಗುಣಗಳು ಮಾತ್ರ ಎರವಲಾಗುತ್ತವೆ. ಪಾತ್ರಪರಿಚಯದಲ್ಲಿ ಮೊದಲೇ ಬರೆದಿದ್ದ ಸಿದ್ಧತೆ, ಬೆಲೆ, ದೋಷಗಳು ತೋರಿಸಿದ್ದರೂ ತೋರಿಸದಿದ್ದರೂ ಜೊತೆಗೇ ಬರುತ್ತವೆ. ದೇಹಬಲ ನಕಲು ಮಾಡುವವರದು, ವರಸೆಯ ಒಟ್ಟು ಪರಿಣಾಮ ಮೂಲದ್ದನ್ನು ಮೀರದು. ‘ಒಂದು ಕಾಲಕ್ಕೆ ಒಂದೇ’ ಎಂಬ ಮಿತಿಯನ್ನು ಕನ್ನಡಿಮನೆ ಅವರ ಸಲಹೆಯಂತೆ ಸಡಿಲಿಸಿದ್ದೇನೆ. ಹೆಚ್ಚು ವರಸೆಗಳನ್ನು ಇಟ್ಟುಕೊಳ್ಳಬಯಸುವ ಪಾತ್ರ ಅದಕ್ಕೆ ಎಲ್ಲಿ ಬೆಲೆ ತೆರುತ್ತದೆ ಎಂದು ಪಾತ್ರಪರಿಚಯದಲ್ಲಿ ಬರೆದು ಕಾಳಗಕ್ಕೆ ಮೊದಲು ನಮ್ಮ ಒಪ್ಪಿಗೆ ಪಡೆಯಬೇಕು; ಏಟು ಬಿದ್ದೊಡನೆ ಎರವಲು ಕಳೆದುಹೋಗುವುದು ಅಂಥ ಬೆಲೆಗಳಲ್ಲಿ ಒಂದಾಗಬಹುದು. ಕಾಳಗ ಮುಗಿದ ಮೇಲೂ ವರಸೆಯನ್ನು ಉಳಿಸಿಕೊಳ್ಳಬೇಕೆಂದರೆ ಮೂಲ ಆಟಗಾರರ ಲಿಖಿತ ಒಪ್ಪಿಗೆ ಬೇಕು, ಅವರ ಹೆಸರು ಪಾತ್ರಪರಿಚಯದಲ್ಲಿರಬೇಕು. ಪಾತ್ರಪರಿಚಯದ ಬರಹವನ್ನು ಎತ್ತಿಕೊಳ್ಳುವ ವಿಷಯದಲ್ಲಿ ತೀರ್ಥಹಳ್ಳಿಕಾನು ಅವರ ಮಾತುಗಳನ್ನೇ ನಿಯಮವಾಗಿ ಸೇರಿಸುತ್ತೇನೆ.

ಬೂದಿಗಾಳಿಯ ಕಾಳಗಕ್ಕೆ ಸಂಬಂಧಿಸಿದಂತೆ: ನಕಲು ಬರೆದ ಸರದಿಯನ್ನು ರದ್ದುಗೊಳಿಸಿದ್ದೇನೆ. ಹಳೆಯ ನಿಯಮಗಳಲ್ಲಿ ಅದಕ್ಕೆ ತಡೆಯಿರಲಿಲ್ಲವಾದ್ದರಿಂದ ದಂಡವಿ‌ಲ್ಲ. ಇಬ್ಬರೂ ಒಪ್ಪಿದರೆ ಅದರ ಹಿಂದಿನ ಸರದಿಯಿಂದ ಮುಂದುವರಿಸಬಹುದು.

ಹಿತ್ತಲಗಿಡ

ಎರಡು ಸಂದರ್ಭಗಳು ಉಳಿದಿವೆ. ನಕಲಿನ ನಕಲು ಸಲ್ಲುತ್ತದೆಯೇ? ಇಬ್ಬರಿಬ್ಬರ ತಂಡಗಳ ಕಾಳಗದಲ್ಲಿ ತನ್ನ ಜೊತೆಗಾರನ ವರಸೆಯನ್ನೇ ಕಲಿಯಬಹುದೇ? ಎರಡನೆಯದು ಹೆಚ್ಚು ಅಪಾಯಕಾರಿಯೆಂದು ನನ್ನ ಅನಿಸಿಕೆ, ಏಕೆಂದರೆ ಜೊತೆಗಾರ ಬೇಕೆಂದೇ ತೋರಿಸುತ್ತಾನೆ, ತಡೆಯುವವರು ಇರುವುದಿಲ್ಲ, ಒಂದೇ ದೊಡ್ಡ ವರಸೆ ಒಂದು ತಂಡದಿಂದ ಎರಡು ಸಲ ಬೀಳುತ್ತದೆ.

ಮುಂಗಾರುಮೋಡ (ತೀರ್ಪುಗಾರರ ತಂಡ)

ನಕಲಿನ ನಕಲು ಸಲ್ಲದು. ಮೂಲ ಪಾತ್ರ ಪ್ರಯೋಗಿಸಿದ್ದನ್ನು ಕಂಡರೆ ಮಾತ್ರ ಕಲಿಕೆ. ಜೊತೆಗಾರನಿಂದ ಕಲಿಯಬಹುದು, ಆದರೆ ನಕಲು ಮಾಡಿದವರು ಆ ವರಸೆಯನ್ನು ಬಳಸಿದ ಸರದಿಯಲ್ಲೂ ಅದರ ಮುಂದಿನ ಸರದಿಯಲ್ಲೂ ಜೊತೆಗಾರ ಅದನ್ನು ಬಳಸುವಂತಿಲ್ಲ. ಕಲಿಕೆಯನ್ನು ತಡೆಯುವ ಹಕ್ಕು ಎದುರುತಂಡದ ಇಬ್ಬರಿಗೂ ಇರುತ್ತದೆ. ತಂಡದ ಕಾಳಗಕ್ಕೆ ಹೆಸರು ಕೊಟ್ಟಿರುವವರು ತಮ್ಮ ಮೀಸಲು ವರಸೆಯನ್ನು ಮೊದಲ ಸರದಿಗೆ ಮುನ್ನ ಪಾತ್ರಪರಿಚಯದಲ್ಲಿ ಗುರುತಿಸಬೇಕು, ಆಮೇಲೆ ಬದಲಿಸಲು ಅವಕಾಶವಿಲ್ಲ.